ಅಕ್ಕೋರು ತಿದ್ದಿದ ಕೊನೆಯ ಅಕ್ಷರ

ಸಿಂದಗಿಯ ಒಂದು ಮನೆಯಲ್ಲಿ, ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಅಕ್ಕೋರ ಎದುರು, ನಾನು ಒಂದು ಮಾತು ಆಡಿದೆ. ಅವರ ಮನೆಯ ಎರಡು ಕಂಪ್ಯೂಟರುಗಳ ನಡುವಿನ ಜೋಡಣೆ ಯಾಕೆ ಕೆಟ್ಟಿತ್ತು ಎಂದು ಹೇಳುವ ಮಾತು. ಅದನ್ನು ನಾನು ತೀರಿಹೋದ ಅವರ ಗಂಡನ ಕೊನೆಯ ಸಾಲುಗಳು ಪರದೆಯ ಮೇಲೆ ಕಾಣುವ ಮೊದಲೇ ಆಡಿದೆನೋ, ಕಂಡ ಮೇಲೆ ಆಡಿದೆನೋ, ಈಗ ಖಾತ್ರಿಯಿಲ್ಲ. ಮೊದಲು ಆಡಿದ್ದರೆ ಅದು ಬರೀ ತಿಳಿಗೇಡಿತನ. ಆಮೇಲೆ ಆಡಿದ್ದರೆ ಅದಕ್ಕೆ ಬೇರೆ ಹೆಸರು ಬೇಕು. ನನಗೆ ಎರಡು ಥರವೂ ನೆನಪಾಗುತ್ತದೆ, ಎರಡೂ ಅಷ್ಟೇ ಸ್ಪಷ್ಟವಾಗಿ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವನು ನಾನು. ಒಂದೇ ಘಟನೆಗೆ ಎರಡು ಸ್ಪಷ್ಟ ನೆನಪುಗಳಿದ್ದರೆ ಕನಿಷ್ಠ ಒಂದು ಸುಳ್ಳು ಎಂಬಷ್ಟು ಗೊತ್ತು. ಯಾವುದು ಎಂದು ಗೊತ್ತಿಲ್ಲ.

ಅಕ್ಕೋರು ಹೋದ ಚಳಿಗಾಲದಲ್ಲಿ ಇಂಡಿಯಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಈ ಗೊಂದಲ ಅಡ್ಡ ಬಂದಿದೆ. ಅದಕ್ಕೇ ಅದನ್ನು ಮೊದಲು ಹೇಳಿಬಿಟ್ಟೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಅವರ ಪೂರ್ತಿ ಹೆಸರನ್ನು ನಾನು ಮೊದಲ ಸಲ ಓದಿದ್ದು ಅವರ ನಿವೃತ್ತಿ ಸಮಾರಂಭದ ಆಮಂತ್ರಣದಲ್ಲಿ. ಯಾರದೋ ಹೆಸರು ಓದಿದ ಹಾಗಿತ್ತು. ಇಲ್ಲೂ ಅದು ಬೇಡ.

ನಾನು ಮಸೂತಿಯಿಂದ ದಿನಾ ಬಸ್ಸಿನಲ್ಲಿ ಬಸವನ ಬಾಗೇವಾಡಿಗೆ ಬಂದು ಕಲಿತವನು. ಅಕ್ಕೋರು ಎಂಟರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಹೇಳುತ್ತಿದ್ದರು. ಅವರ ತವರು ಇಂಡಿ ತಾಲೂಕಿನ ಹೊರ್ತಿಯ ಕಡೆ, ಮನೆಯೊಳಗಿನ ಮಾತು ಮರಾಠಿ. ಕನ್ನಡವನ್ನು ಅಕ್ಷರದಿಂದ ಕಲಿತವರು, ಹಾಗಾಗಿ ಅಕ್ಷರದ ಮೇಲೆ ನಮಗಿಲ್ಲದ ಭಯಭಕ್ತಿ ಅವರಿಗಿತ್ತು. ನಾವು ಪ್ರಬಂಧದಲ್ಲಿ ಸಾಲಿ, ಮನಿ, ನಿನ್ನಿ ಎಂದು ಬರೆದರೆ ಪ್ರತಿಯೊಂದಕ್ಕೂ ಕೆಂಪು ಗೀಟು. ಆದರೆ ಅವರೇ ಮಾತಾಡುವಾಗ ನಮ್ಮ ಹಾಗೇ ಮಾತಾಡುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಧೈರ್ಯ ಮಾಡಿ, ನೀವೂ ಸಾಲಿ ಅಂತೀರಲ್ರಿ ಅಕ್ಕೋರ, ಎಂದು ಕೇಳಿಯೇಬಿಟ್ಟ. ಅವರು ಸಿಟ್ಟಾಗಲಿಲ್ಲ.

"ಬಾಯಾಗ ಸಾಲಿ ಇರ್ಲಿ. ಕೈಯಾಗ ಶಾಲೆ ಬರ್ಲಿ. ಮನ್ಯಾಗ ಹೆಂಗರ ಇರ್ರಿ, ಹೊರಗ ಹೋಗೂಮುಂದ ಅಂಗಿ ಹಾಕ್ಕೋತೀರಿಲ್ಲೋ?"

ತಿದ್ದುವಾಗ ಅವರಿಗೊಂದು ರೂಢಿಯಿತ್ತು. ಪೆನ್ನಿನ ತುದಿಯನ್ನು ತಪ್ಪಕ್ಷರದ ಹತ್ತಿರ ತಂದು ಗಳಿಗೆ ಹೊತ್ತು ತಡೆಯುತ್ತಿದ್ದರು, ಗಾಯಕ್ಕೆ ಔಷಧ ಹಚ್ಚುವ ಮುಂಚೆ ಉರಿಯುತ್ತದೆ ಎಂದು ಎಚ್ಚರಿಸುವವರ ಹಾಗೆ. ಆಮೇಲೆ ತಿದ್ದುತ್ತಿದ್ದರು. ಶಾಲೆಯ ಹೊರಗೂ ಇದು ನಿಲ್ಲುತ್ತಿರಲಿಲ್ಲ. ಸಿಂದಗಿ ಬಸ್ ಸ್ಟ್ಯಾಂಡಿನ ಫಲಕದಲ್ಲಿ ದೇವಣಗಾಂವದ ಸೊನ್ನೆ ಬಿಟ್ಟುಹೋಗಿತ್ತಂತೆ. ಅಕ್ಕೋರು ಕಂಟ್ರೋಲರನ ಕಿಟಕಿಗೆ ಹೋಗಿ ಹೇಳಿದರು. ಅವನು, ಸೊನ್ನೆ ಇಲ್ಲದಿದ್ದರೂ ಬಸ್ಸು ಹೋಗತೈತಿ ಬಿಡ್ರಿ ಬಾಯಾರ, ಎಂದನಂತೆ. ಮರುವಾರ ಇವರೇ ಬಣ್ಣ, ಕುಂಚ ತಗೊಂಡು ಹೋದರು. ನಾನು ಧಾರವಾಡದಿಂದ ಬರೆದ ಮೊದಲ ಪತ್ರ ಒಂಬತ್ತು ಕೆಂಪು ಗುರುತುಗಳೊಂದಿಗೆ ನನಗೇ ವಾಪಸು ಬಂತು. ಅದರ ಹಿಂದೆ ಅವರ ಉತ್ತರ, ಕೆಳಗೆ ಹತ್ತಕ್ಕೆ ಆರು ಅಂಕ. ನನ್ನ ಕೊಠಡಿಯ ಗೆಳೆಯರು ಅದನ್ನು ಗೋಡೆಗೆ ಅಂಟಿಸಿ ನಕ್ಕರು. ನಾನೂ ನಕ್ಕೆ. ಮುಂದಿನ ಪತ್ರವನ್ನು ಎರಡು ಸಲ ಓದಿ ಹಾಕಿದೆ.

ನಿವೃತ್ತರಾದ ಮೇಲೆ ಅವರು ಸಿಂದಗಿಯಲ್ಲಿದ್ದ ಗಂಡನ ಹತ್ತಿರ ಬಂದರು. ಗಂಡ ಅಲ್ಲಿ ವಕೀಲರು. ಅಷ್ಟು ವರ್ಷ ಒಬ್ಬರು ಬಾಗೇವಾಡಿಯಲ್ಲಿ, ಒಬ್ಬರು ಸಿಂದಗಿಯಲ್ಲಿ, ಶನಿವಾರ ಭಾನುವಾರದ ಸಂಸಾರ. ಒಂದೇ ಮನೆಯಲ್ಲಿ ಇರತೊಡಗಿ ವರ್ಷವಾಗಿತ್ತೋ ಇಲ್ಲವೋ, ವಕೀಲರ ಗಂಟಲಿಗೆ ಬೇನೆ ಬಂತು. ಮಿರಜಿನಲ್ಲಿ ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಕೋರ್ಟಿನಲ್ಲಿ ಅವರು ಮಾತಾಡಿದರೆ ಹೊರಗಿನ ಬೇವಿನ ಮರದ ಕೆಳಗಿದ್ದವರಿಗೂ ಕೇಳಿಸುತ್ತಿತ್ತಂತೆ.

ಅವರ ಕೋಣೆ ಮಹಡಿಯ ಮೇಲೆ. ಮೆಟ್ಟಿಲು ಕಡಿದು, ಅಕ್ಕೋರಿಗೆ ಮೊಳಕಾಲು ನೋವು. ಮೇಲಿಂದ ಕರೆಯಲು ಒಂದು ಗಂಟೆ ಇಟ್ಟುಕೊಳ್ಳಿ ಎಂದು ಬಂದವರೆಲ್ಲ ಹೇಳಿದರು. ವಕೀಲರು ಪಾಟಿಯ ಮೇಲೆ ಬರೆದು ತೋರಿಸಿದರು: "ಆಫೀಸಿನ್ಯಾಗ ಗಂಟಿ ಬಾರಿಸಿ ಪಟ್ಟೇವಾಲಾನ ಕರೀತಿದ್ದೆ. ಹೆಂಡ್ತೀನ ಕರಿಯೂದಿಲ್ಲ." ಅದಕ್ಕೆ ಕಂಪ್ಯೂಟರು ಬಂತು. ಅವರ ಆಫೀಸಿನ ಹಳೆಯದು ಮೇಲಿತ್ತು. ಮುಚ್ಚಿಹೋದ ಟೈಪಿಂಗ್ ಕ್ಲಾಸೊಂದರಿಂದ ಇನ್ನೊಂದನ್ನು ತಂದು ಕೆಳಗೆ ಅಡುಗೆಮನೆಯ ಬಾಗಿಲ ಪಕ್ಕ ಇಟ್ಟರು. ಬಿಜಾಪುರದಿಂದ ಒಬ್ಬ ಮೆಕ್ಯಾನಿಕ್ ಬಂದು ಮೆಟ್ಟಿಲ ಗುಂಟ ವೈರು ಎಳೆದು ಎರಡನ್ನೂ ಜೋಡಿಸಿದ. ಜೋಡಿಸುವಾಗ ಎರಡೂ ಒಂದೇ ಗುಂಪಿನವು ಎಂದು ತಿಳಿಸಲು ಒಂದು ಖಾನೆಯಲ್ಲಿ ಗುಂಪಿನ ಹೆಸರು ತುಂಬಬೇಕು. ಏನು ಹೆಸರಿಡೋಣ ಎಂದು ಅವನು ಕೇಳಿದ್ದಕ್ಕೆ ವಕೀಲರು ಪಾಟಿಯ ಮೇಲೆ 'ಮನಿ' ಎಂದು ಬರೆದರು. ಅವನು ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೂ ಕಡೆ ತುಂಬಿ ಹೋದ.

ಮೇಲಿನ ಕಂಪ್ಯೂಟರಿನಲ್ಲಿ 'ಮಾತು' ಎಂಬ ಒಂದೇ ಒಂದು ಫೈಲು. ಕೆಳಗಿನ ಪರದೆಯ ಮೇಲೆ ಅದರದೊಂದು ಚಿತ್ರ, ಒತ್ತಿದರೆ ಮೇಲಿನ ಫೈಲು ಇಲ್ಲೇ ತೆರೆಯುತ್ತಿತ್ತು. ವಕೀಲರು ಒಂದು ಸಾಲು ಬರೆದು ಮುಚ್ಚಬೇಕು, ಇವರು ತೆರೆದು ಓದಿ ಒಂದು ಸಾಲು ಬರೆದು ಮುಚ್ಚಬೇಕು. ಅಕ್ಕೋರು ಅಡುಗೆಮನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ತೆರೆದು ನೋಡುತ್ತಿದ್ದರು. ಮೌಸನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬಲಗೈ ತೋರುಬೆರಳಿನಿಂದ ಎರಡು ಸಲ ಒತ್ತುವುದು ಅವರ ಪದ್ಧತಿ. ಆ ದಿನಗಳಲ್ಲಿ ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕ, ಬಿಡುವಿನಲ್ಲಿ ಕಂಪ್ಯೂಟರು ರಿಪೇರಿಯನ್ನೂ ಮಾಡುತ್ತಿದ್ದೆ. ಒಮ್ಮೆ ನೋಡಲು ಹೋದಾಗ ಅವರು ಆ ಫೈಲನ್ನು ತೋರಿಸಿದರು. ತೋರಿಸುವಾಗ ಅವರ ಮುಖದಲ್ಲಿ ನಾನು ತರಗತಿಯಲ್ಲಿ ಎಂದೂ ಕಾಣದ ಒಂದು ನಾಚಿಕೆಯಿತ್ತು. ಒಂದು ಕಡೆ ಗಂಡನದೊಂದು, ಇವರದೊಂದು, ಮತ್ತೆ ಗಂಡನದೊಂದು ಸಾಲು ಹೀಗಿತ್ತು:

"ಚಾ." "ಈಗಷ್ಟೇ ಕುಡಿದಿದ್ದೀರಿ." "ಅದು ನಿನ್ನೆ ಚಾ."

ಆ 'ನಿನ್ನೆ' ವಕೀಲರು ಬರೆದದ್ದಲ್ಲ. ಅವರು 'ನಿನ್ನಿ' ಎಂದೇ ಬರೆದಿದ್ದರು, ಅಕ್ಕೋರು ತಿದ್ದಿದ್ದರು. ಫೈಲಿನ ತುಂಬ ಹಾಗೆ. ವಕೀಲರು ಸಹಿಸಿ ಸಹಿಸಿ ಕೊನೆಗೆ ಒಂದು ಕಡೆ ಬರೆದಿದ್ದರು: "ದುರಸ್ತಿ ಬ್ಯಾಡ. ಉತ್ತರ ಕೊಡು." ಅದರೊಳಗಿನ 'ಬ್ಯಾಡ' ಕೂಡ 'ಬೇಡ' ಆಗಿತ್ತೆಂದೂ, ಗಂಡ ಮತ್ತೆ ಅದನ್ನು 'ಬ್ಯಾಡ' ಮಾಡಿದರೆಂದೂ ಅಕ್ಕೋರು ಹೇಳಿದರು.

"ಅವರು ಮ್ಯಾಲಿಂದ ಬರೀತಾರ, ನಾ ಕೆಳಗ ಕೂತು ತಿದ್ತೇನಿ. ಮದುವಿ ಆದಾಗಿಂದ ನಾವಿಷ್ಟು ಮಾತಾಡಿದ್ದಿಲ್ಲ ನೋಡು."

ವಕೀಲರು ತೀರಿಕೊಂಡದ್ದು ಎರಡು ಸಾವಿರದ ಮೂರರಲ್ಲಿ ಇರಬೇಕು, ನಾಲ್ಕೂ ಇರಬಹುದು. ಮೂರು ವಾರದ ಮೇಲೆ ಅಕ್ಕೋರ ಫೋನು ಬಂತು. ಅವರ ಫೈಲು ನನ್ನ ಮಶೀನಿಗೆ ಸಿಗವಲ್ದು, ನೀ ಬಂದು ನೋಡ್ತೀಯೇನು, ಎಂದು ಕೇಳಿದರು. ಭಾನುವಾರ ತಾಳಿಕೋಟಿಯ ಮೇಲಿನ ಬಸ್ಸು ಹಿಡಿದು ಹೋದೆ.

ಅವರು ಹೇಳಿದ್ದು ಇಷ್ಟು. ವಕೀಲರು ತೀರಿಕೊಂಡ ದಿನ ಮಧ್ಯಾಹ್ನದಿಂದ ಫೈಲು ತೆರೆಯಲಿಲ್ಲ. ಒತ್ತಿದರೆ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಗಂಡ ಮೇಲೆ ಮಶೀನು ಬಂದ್ ಮಾಡಿ ಮಲಗಿರಬೇಕು ಎಂದುಕೊಂಡರು. ಎರಡೂವರೆಗೆ ನೋಡಿದರು, ಮೂರೂವರೆಗೆ ನೋಡಿದರು. ನಾಲ್ಕಕ್ಕೆ ಚಹಾ ತಗೊಂಡು ಹತ್ತಿದರು. ವಕೀಲರು ಖುರ್ಚಿಯಲ್ಲಿದ್ದರು, ತಲೆ ಒಂದು ಕಡೆ ವಾಲಿತ್ತು. ಮಶೀನು ಚಾಲೂ ಇತ್ತು. ಆಮೇಲೆ ಬಂದ ನೆಂಟರಲ್ಲಿ ಯಾರೋ ಅದನ್ನು ಬಂದ್ ಮಾಡಿದ್ದಾರೆ. ಅಂದಿನಿಂದ ಅಕ್ಕೋರು ಅದನ್ನು ಮುಟ್ಟಿಲ್ಲ.

ಮೇಲೇ ಕೂತು ಆ ಫೈಲು ತೆರೆದು ನೋಡಬಹುದಲ್ರಿ ಅಕ್ಕೋರ, ಎಂದೆ. ತಲೆ ಅಲ್ಲಾಡಿಸಿದರು.

"ಅದು ಅವರ ಖುರ್ಚಿ. ನಾ ಯಾವಾಗ್ಲೂ ಇಲ್ಲಿಂದ ಓದೇನಿ, ಇಲ್ಲಿಂದನಽ ಓದ್ತೇನಿ. ನನಗಿಷ್ಟಽ ಬೇಕು. ಆವತ್ತು ಮಧ್ಯಾಹ್ನ ಅವರು ನನ್ನ ಕರದಿದ್ರೋ ಇಲ್ಲೋ."

ಮೇಲೆ ಹೋದೆ. ಕಂಪ್ಯೂಟರು ಚಾಲೂ ಮಾಡಿದೆ. ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದರ ಹಿಂದೆ ಸಿಕ್ಕಿಸುವ, ಕೆಳಗಿನ ಕಂಪ್ಯೂಟರಿಗೆ ಹೋಗುವ ವೈರಿನ ಪ್ಲಗ್ಗು ತುಸು ಹೊರಗೆ ಬಂದಿತ್ತು, ಹೋಗುತ್ತ ಹೋಗುತ್ತ ಹೆಬ್ಬೆರಳಿನಿಂದ ಒತ್ತಿದೆ, ಕಟಕ್ ಎಂದಿತು. ಹೀಗೊಂದು ನೆನಪು ಇದೆ. ಆದರೆ ಆ ಪ್ಲಗ್ಗಿನ ಕೊಕ್ಕೆ ಮುರಿದು, ಮೆಕ್ಯಾನಿಕ್ಕು ದಾರ ಸುತ್ತಿ ಕೂರಿಸಿದ್ದೂ ನೆನಪಿದೆ. ಕೊಕ್ಕೆ ಮುರಿದ ಪ್ಲಗ್ಗು ಕಟಕ್ ಎನ್ನುವುದಿಲ್ಲ. ಹಾಗಾದರೆ ಆ ಸದ್ದನ್ನು ನನ್ನ ತಲೆ ಆಮೇಲೆ ಸೇರಿಸಿರಬೇಕು. ಸದ್ದನ್ನು ಸೇರಿಸಿದ್ದರೆ ಒತ್ತಿದ್ದನ್ನೂ ಸೇರಿಸಿರಬಹುದು.

ಮೇಲಿನ ಕಂಪ್ಯೂಟರಿನಲ್ಲಿ ಗುಂಪಿನ ಹೆಸರಿನ ಖಾನೆಯಲ್ಲಿ 'ಮನಿ' ಎಂದಿತ್ತು. ಕೆಳಗೆ ಬಂದು ಅಕ್ಕೋರ ಕಂಪ್ಯೂಟರಿನಲ್ಲಿ ಅದೇ ಖಾನೆ ತೆರೆದೆ. ಅಲ್ಲಿ 'ಮನೆ' ಎಂದಿತ್ತು. ಕೊನೆಯ ಐ ಅಳಿಸಿ, ಆ ಜಾಗದಲ್ಲಿ ಇಂಗ್ಲಿಷಿನ ಇ ಹಾಕಿದ್ದರು. ಇದನ್ನು ಯಾರು ಬದಲು ಮಾಡಿದರು ಎಂದು ಕೇಳಿದೆ.

ನಾನಽ, ಎಂದರು ಅಕ್ಕೋರು. ಆ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಕಂಪ್ಯೂಟರಿನ ಪುಸ್ತಕ ನೋಡಿಕೊಂಡು ಏನೋ ಹುಡುಕುವಾಗ ಆ ಖಾನೆ ಕಣ್ಣಿಗೆ ಬಿದ್ದಿತ್ತು. ತಪ್ಪು ಬರೆದದ್ದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ತಿದ್ದಿದರು. ಬಂದ್ ಮಾಡಿ ಮತ್ತೆ ಚಾಲೂ ಮಾಡು ಎಂದು ಮಶೀನು ಕೇಳಿತು, ಮಾಡಿದರು.

ನನಗೆ ಆಗ ಆದ ಖುಷಿಯ ಬಗ್ಗೆ ಮಾತ್ರ ಯಾವ ಅನುಮಾನವೂ ಇಲ್ಲ. ಬೀಗಕ್ಕೆ ಕೀಲಿ ಸಿಕ್ಕಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು ಎಂದು ವಾರಕ್ಕೆ ನಾಲ್ಕು ದಿನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನು. ಮೇಲಿನದನ್ನು ಚಾಲೂ ಮಾಡಿ ಇಳಿದು ಬಂದ ಕೂಡಲೇ ಆ ಫೈಲನ್ನು ಒಮ್ಮೆ ಒತ್ತಿ ನೋಡಬೇಕಿತ್ತು. ನೋಡಲಿಲ್ಲ. ನೇರ ಹೆಸರನ್ನು 'ಮನಿ' ಎಂದು ಮೊದಲಿನ ಹಾಗೆ ಮಾಡಿದೆ, ಬಂದ್ ಮಾಡಿ ಚಾಲೂ ಮಾಡಿದೆ, ಎದ್ದು ಅಕ್ಕೋರಿಗೆ ಜಾಗ ಬಿಟ್ಟೆ. ಅವರು ಎಡಗೈಯಲ್ಲಿ ಮೌಸು ಹಿಡಿದು ಬಲಗೈಯಿಂದ ಒತ್ತಿದರು. ಫೈಲು ತೆರೆಯಿತು.

ಆ ಮಾತು ಇದು:

"ಇದೊಂದಕ್ಕಽ ನಿಂತಿತ್ರಿ ಅಕ್ಕೋರ. ನೀವು ಹೆಸರು ತಿದ್ದಿದ್ರಲ್ಲಾ, ಮ್ಯಾಲಿಂದೊಂದು ಮನಿ, ಕೆಳಗಿಂದೊಂದು ಮನಿ ಆತು. ಮತ್ತೇನೂ ಕೆಟ್ಟಿಲ್ಲ."

ಫೈಲಿನ ಕೊನೆಯಲ್ಲಿ ಅವರು ಓದಿರದ ಎರಡು ಸಾಲುಗಳಿದ್ದವು.

"ಮ್ಯಾಲ ಬಾ."

"ಲಗೂ ಬಾ."

ಅಕ್ಕೋರು ಕೈ ತೆಗೆಯಲಿಲ್ಲ. ಬಾಣದ ಗುರುತು 'ಮ್ಯಾಲ'ದ ಹತ್ತಿರ ಹೋಗಿ ಅಲ್ಲಿ ನಿಂತಿತು. ಅವರು ತಿದ್ದುತ್ತಾರೆ ಎಂದು ನಾನು ಕಾದೆ, ಇದು ಖರೆ. ಅವರು ತಿದ್ದಲಿಲ್ಲ. ಇದನ್ನು ಎಷ್ಟು ಹೊತ್ತಿಗೆ ಬರೆದಿದ್ದಾರೆ ಎಂದು ಗೊತ್ತಾಗುತ್ತದೆಯೇ ಎಂದು ಕೇಳಿದರು. ಫೈಲು ಕೊನೆಗೆ ಉಳಿಸಿದ ವೇಳೆ ನೋಡಿ ಹೇಳಿದೆ, ಮೂರು ದಾಟಿ ಹತ್ತು ನಿಮಿಷ. ಅವರು ಆ ವೇಳೆಯನ್ನು ಬಾಯೊಳಗೇ ಹೇಳಿಕೊಂಡರು.

"ಮೂರೂವರಿಗೆ ನಾ ಒತ್ತೇನಿ. ಆವಾಗ ಇದು ಇತ್ತು."

"ಇತ್ರಿ."

"ಹಂಗಾರ ನಾ ತಿದ್ದಿದ ಒಂದು ಅಕ್ಷರ."

"ಹೌದ್ರಿ," ಎಂದೆ. ಈ ಹೌದ್ರಿ ಬಗ್ಗೆಯೂ ಅನುಮಾನವಿಲ್ಲ. ಹಾಗಾದರೆ ಮೇಲಿನ ಮಾತನ್ನು ಮೊದಲು ಆಡಿದ್ದೆನೋ ಆಮೇಲೋ ಎಂದು ನಾನು ಇಷ್ಟು ವರ್ಷ ತೂಗುತ್ತ ಕೂತದ್ದಕ್ಕೆ ಅರ್ಥವೇ ಇಲ್ಲ. ಎರಡು ಸಾಲುಗಳನ್ನು ಓದಿಯಾದ ಮೇಲೂ ನಾನು ಹೌದು ಎಂದಿದ್ದೇನೆ.

ಫೈಲಿನ ಪ್ರತಿ ತೆಗೆದುಕೊಡಲೇ ಎಂದೆ, ಬೇಡ ಎಂದರು. ಊಟ ಮಾಡಿಸಿದರು. ರೊಟ್ಟಿ ಹಾಕಿದರು, ಮಜ್ಜಿಗೆ ಹಾಕಿದರು, ಮಜ್ಜಿಗೆ ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವರೇ ಎಬ್ಬಿಸಿ ಕಳಿಸಿದರು. ಬಾಗಿಲಲ್ಲಿ ನಿಂತು, ಚಲೋ ಕೆಲಸ ಕಲ್ತೀ, ಎಂದರು.

ಅದಾದ ಮೇಲೆ ನಾನು ಬರೆದ ಯಾವ ಪತ್ರವೂ ಕೆಂಪು ಗುರುತು ಹೊತ್ತು ಬರಲಿಲ್ಲ. ಉತ್ತರ ಬರುತ್ತಿತ್ತು, ಚಿಕ್ಕದು, ನೀಲಿ ಶಾಯಿಯಲ್ಲಿ. ನನ್ನ ಮದುವೆಯ ಕಾರ್ಡಿನಲ್ಲಿ ಪ್ರೆಸ್ಸಿನವರು 'ಆಶಿರ್ವದಿಸಿ' ಎಂದು ಹ್ರಸ್ವ ಮಾಡಿದ್ದರು. ಅಕ್ಕೋರು ಮದುವೆಗೆ ಬಂದರು, ನನ್ನ ಹೆಂಡತಿಗೆ ಖಣ ಕೊಟ್ಟರು, ಹಿತವಾಗಿ ಮಾತಾಡಿದರು. ಕಾರ್ಡಿನಾಗೊಂದು ತಪ್ಪೈತಿ, ನೀವು ನೋಡ್ಲಿಲ್ಲೇನ್ರಿ, ಎಂದು ನಾನೇ ಚೇಷ್ಟೆಗೆ ಕೇಳಿದೆ.

"ನೋಡೇನಿ. ತಿಳೀತದಲ್ಲ. ಸಾಕು."

ಅವರು ತಿದ್ದುವುದನ್ನೇ ಬಿಟ್ಟಿದ್ದಾರೆ ಎಂದು ಅವತ್ತು ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ಅದು ನನ್ನನ್ನು ಬಿಡಲಿಲ್ಲ. ಅರ್ಜಿಯಲ್ಲೋ ಕಾಗದದಲ್ಲೋ ಮನೆ ಎಂದು ಬರೆಯಬೇಕಾದಾಗ ಕೈ ಕೊನೆಯ ಸ್ವರದ ಹತ್ತಿರ ತಡೆಯುತ್ತದೆ. ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತೇನೆ. ಖಾಲಿ ತರಗತಿಯಲ್ಲಿ ಕೂತಿದ್ದಾಗ ಕೊಕ್ಕೆಯಿಲ್ಲದ ಆ ಪ್ಲಗ್ಗು ಕಟಕ್ ಎನ್ನುತ್ತದೆ. ದೆವ್ವ ಭೂತ ನಂಬುವವರನ್ನು ನೋಡಿ ನಗುತ್ತ ಬಂದವನು ನಾನು. ಇದಕ್ಕೆ ಏನೆನ್ನಬೇಕೋ ಗೊತ್ತಿಲ್ಲ.

ಕೆಲವು ವರ್ಷಗಳ ಮೇಲೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎರಡು ಕಂಪ್ಯೂಟರುಗಳ ಗುಂಪಿನ ಹೆಸರು ಬೇರೆ ಬೇರೆ ಇರುವುದು ಕಣ್ಣಿಗೆ ಬಿತ್ತು. ಅವುಗಳ ನಡುವೆ ಫೈಲುಗಳು ಆರಾಮವಾಗಿ ಓಡಾಡುತ್ತಿದ್ದವು. ಇವು ಹೊಸ ಮಶೀನುಗಳು, ಅಕ್ಕೋರವು ಹಳೆಯವು, ಅವುಗಳ ನಿಯಮ ಬೇರೆಯಿರಬಹುದು ಎಂದು ಹೇಳಿಕೊಂಡೆ. ಅಕ್ಕೋರು ಆಗ ಸಿಂದಗಿಯ ಮನೆ ಖಾಲಿ ಮಾಡಿ ಇಂಡಿಯಲ್ಲಿ ತಂಗಿಯ ಹತ್ತಿರ ಇದ್ದರು. ಕಂಪ್ಯೂಟರುಗಳನ್ನು ಯಾರಿಗೋ ಕೊಟ್ಟಿದ್ದರು.

ಪರೀಕ್ಷೆಯ ಕೆಲಸಕ್ಕೆ ಒಮ್ಮೆ ಇಂಡಿಗೆ ಹೋದೆ, ಅವರ ಮನೆಗೂ ಹೋದೆ. ದೃಷ್ಟಿ ಮಂದವಾಗಿತ್ತು. ತಂಗಿ ಪೇಪರು ಓದಿ ಹೇಳುತ್ತಿದ್ದರು, ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಹವೆ, ಬಸ್ಸು, ಕಾಲೇಜು ಎಲ್ಲ ಮಾತಾಡಿ ಮುಗಿಸಿದ ಮೇಲೂ ಏಳಲಿಲ್ಲ. ಅಕ್ಕೋರು ಕೇಳಿದರು.

"ಏನರ ಹೇಳೂದದ ಏನು?"

"ಏನಿಲ್ರಿ ಅಕ್ಕೋರ. ಸುಮ್ನ ಬಂದಿದ್ದೆ."

ಪರೀಕ್ಷಿಸಿ ನೋಡದೆ ಏನನ್ನೂ ಹೇಳಬಾರದು ಎಂಬ ನಿಯಮ ಆ ದಿನ ನನಗೆ ಬಹಳ ಅನುಕೂಲವಾಯಿತು. ಪರೀಕ್ಷಿಸುವುದು ಅರ್ಧ ದಿನದ ಕೆಲಸ. ಅದನ್ನು ಎಷ್ಟೋ ವರ್ಷ ಮುಂದೆ ಹಾಕಿದೆ. ಹೋದ ಚಳಿಗಾಲ ಅವರ ತಂಗಿ ಫೋನು ಮಾಡಿದರು. ಕೊನೆಯ ದಿನಗಳಲ್ಲಿ ಅಕ್ಕೋರು ಯಾರು ಕರೆದರೂ ಮೊದಲು ಮೇಲೆ ನೋಡುತ್ತಿದ್ದರು, ಯಾಕೋ ತಿಳಿಯಲಿಲ್ಲ, ನಮ್ಮದು ಒಂದಂತಸ್ತಿನ ಮನೆ, ಎಂದರು.

ತಿಂಗಳು ಬಿಟ್ಟು ಕಾಲೇಜಿನ ಗುಜರಿ ಕೋಣೆಯಿಂದ ಅದೇ ಕಾಲದ ಎರಡು ಕಂಪ್ಯೂಟರುಗಳನ್ನು ಹೊರತೆಗೆದೆ. ಒಂದನ್ನು ಚಾಲೂ ಮಾಡಲಿಕ್ಕೇ ಎರಡು ದಿನ ಹಿಡಿಯಿತು. ಅಕ್ಕೋರ ಮನೆಯಲ್ಲಿ ಇದ್ದಂಥದೇ ತಂತ್ರಾಂಶ, ಅಂಥದೇ ವೈರು. ಒಂದರಲ್ಲಿ ಒಂದು ಫೈಲು ಮಾಡಿ ಇಟ್ಟೆ, ಇನ್ನೊಂದರಲ್ಲಿ ಅದರ ಚಿತ್ರ ಇಟ್ಟೆ. ಮೊದಲು ಎರಡಕ್ಕೂ 'ಮನಿ' ಎಂದೇ ಹೆಸರು ಕೊಟ್ಟು ಒತ್ತಿದೆ, ತೆರೆಯಿತು. ಆಮೇಲೆ ವೈರಿನ ಪ್ಲಗ್ಗನ್ನು ಒಂದು ಕೂದಲೆಳೆಯಷ್ಟು ಹೊರಗೆಳೆದು ಒತ್ತಿದೆ, ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಪ್ಲಗ್ಗನ್ನು ಮತ್ತೆ ಕೂರಿಸಿದೆ. ಕೊನೆಗೆ ಒಂದರ ಹೆಸರನ್ನು ಮಾತ್ರ 'ಮನೆ' ಮಾಡಿದೆ, ಬೇರೆ ಏನನ್ನೂ ಮುಟ್ಟಲಿಲ್ಲ, ಬಂದ್ ಮಾಡಿ ಚಾಲೂ ಮಾಡಿ ಒತ್ತಿದೆ.

ತೆರೆಯಿತು. ಏಳು ಸಲ ಒತ್ತಿದೆ, ಏಳು ಸಲವೂ ತೆರೆಯಿತು.